ಬೋರ್ಡು ಓದುವವಳು

ನನ್ನ ಗಂಡ ವರ್ಲಿನ್‌ಗೆ ಮಾತು ಕಡಿಮೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಸೌತ್ ಡಕೋಟಾದಲ್ಲಿ ಅವನಷ್ಟು ಸಿರಿವಂತ ಇನ್ನೊಬ್ಬ ಇರುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಹೊಲಮನೆಗಳಿಗೆ ಗ್ಯಾಸ್ ತುಂಬುವ ಟ್ಯಾಂಕರ್ ಓಡಿಸಿದ, ಒಂದು ಗೀರೂ ಬೀಳದ ಹಾಗೆ. ಸಂಜೆ ಮನೆಗೆ ಬಂದು ಟೋಪಿಯನ್ನು ಮೊಳೆಗೆ ಸಿಕ್ಕಿಸಿ "ಗಾಳಿ ಜೋರಿದೆ" ಅನ್ನುತ್ತಿದ್ದ. ಅದೇ ಆ ದಿನದ ಭಾಷಣ. ಉಳಿದದ್ದನ್ನೆಲ್ಲ ನಾನೇ ಆಡಿಕೊಳ್ಳುತ್ತಿದ್ದೆ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸಿ ಬಂದವಳು, ಮನೆಯಲ್ಲಿ ಗೋಡೆಗೆ ಬಡಿಸಿದ ಹಾಗೆ ಮಾತಾಡುತ್ತಾ ನಲವತ್ತೊಂದು ವರ್ಷ ಕಳೆದೆ. ನಮಗೆ ಮಕ್ಕಳಾಗಲಿಲ್ಲ.

ಹೋದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಇದ್ದಕ್ಕಿದ್ದಂತೆ ಬಾಯಿ ಬಿಟ್ಟ.

"ಮನೆ ಮಾರೋಣ ಆರ್ಡಿ. ಒಂದು ಟ್ರೇಲರ್ ತಗೊಳ್ಳೋಣ, ಗಾಲಿ ಮೇಲಿನ ಮನೆ. ಸಮುದ್ರ ನೋಡ್ಕೊಂಡು ಬರೋಣ."

ನನ್ನ ಹೆಸರು ಆರ್ಡಿಸ್. ಆರ್ಡಿ ಎಂದು ಅವನು ಕರೆಯುವುದು ಏನಾದರೂ ಬೇಕಾದಾಗ ಮಾತ್ರ.

"ನೋಡ್ಕೊಂಡು ಬರೋಕೆ ಮನೆ ಯಾಕಪ್ಪಾ ಮಾರ್ಬೇಕು?" ಅಂದೆ.

"ವಾಪಸ್ ಬರೋದಿದ್ರೆ ತಾನೆ."

ನಾವಿಬ್ಬರೂ ಸಮುದ್ರ ಕಂಡವರಲ್ಲ. ನನಗೆ ಅರವತ್ತೇಳು, ಅವನಿಗೆ ಎಪ್ಪತ್ತು. ಅತ್ತಿತ್ತ ಎತ್ತ ನೋಡಿದರೂ ಗೋಧಿ, ಮೆಕ್ಕೆಜೋಳ, ಅದರ ಮೇಲೆ ಆಕಾಶ. ಅಷ್ಟರಲ್ಲೇ ಹುಟ್ಟಿ ಅಷ್ಟರಲ್ಲೇ ಮುದುಕರಾದೆವು. ಅವನ ಲೆಕ್ಕಾಚಾರ ಹೀಗಿತ್ತು: ಮೇ ತಿಂಗಳಲ್ಲಿ ಹೊರಡುವುದು, ಮೊದಲು ಹತ್ತಿರದ ಕೆರೆಯ ಬಳಿ ಟ್ರೇಲರಿನವರು ತಂಗುವ ಕ್ಯಾಂಪಿನಲ್ಲಿ ಒಂದೆರಡು ದಿನ ಇದ್ದು ಟ್ರೇಲರಿನ ಹುಳುಕು ಏನಿದ್ದರೂ ನೋಡಿಕೊಳ್ಳುವುದು, ಆಮೇಲೆ ಪಶ್ಚಿಮಕ್ಕೆ ಆರೆಗನ್ನಿನ ಕಡಲ ದಂಡೆ, ಚಳಿಗಾಲಕ್ಕೆ ಅಲ್ಲಿಂದ ಕೆಳಗೆ ಬೆಚ್ಚಗಿನ ಕಡೆಗೆ. ನಮ್ಮ ಕಡೆ ಹೊಸ ಟ್ರೇಲರ್ ಕೊಂಡವರೆಲ್ಲ ಮೊದಲ ಸಲ ಹತ್ತಿರದ ಜಾಗಕ್ಕೇ ಹೋಗುತ್ತಾರೆ. ನಲ್ಲಿ ಸೋರುತ್ತದೋ, ದೀಪ ಕೈಕೊಡುತ್ತದೋ, ಗಂಡಹೆಂಡತಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೋ ಗೊತ್ತಾಗಬೇಕಲ್ಲ.

ಚಳಿಗಾಲವಿಡೀ ನಾನು ಬೇಡವೆಂದು ವಾದಿಸಿದೆ. ಅವನು ಜಗಳವಾಡಲಿಲ್ಲ, ಆದರೆ ಬಿಡಲೂ ಇಲ್ಲ. "ಈ ಮೇನಲ್ಲೇ, ಮುಂದಿನ ವರ್ಷ ಅನ್ಬೇಡ" ಎನ್ನುತ್ತಿದ್ದ. ಕೊನೆಗೆ ನಾನೇ ಸೋತೆ. ನಿಜ ಹೇಳಬೇಕೆಂದರೆ ಸೋಲುವುದು ಇಷ್ಟವಾಗಿತ್ತು. ಮಾರ್ಚಿನಲ್ಲಿ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗಲೇ ಕಡಲ ಮರಳಿನಲ್ಲಿ ನಡೆಯಲೆಂದು ನೀಲಿ ಪಟ್ಟಿಯ ಸ್ಯಾಂಡಲ್ ತಂದೆ. ವರ್ಲಿನ್‌ನ ತಂಗಿ ಜನೆಲ್ ನಮ್ಮೂರಿನಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದ ಹಾಗಾಯ್ತು ಅತ್ತಿಗೆ" ಎಂದು ನಕ್ಕಳು. ನಗಲಿ ಅಂದುಕೊಂಡೆ.

ಮನೆಯನ್ನು ಹೊಸದಾಗಿ ಮದುವೆಯಾದ ಜೋಡಿಯೊಂದು ಕೊಂಡಿತು. ಬಂದ ದುಡ್ಡು ಬಹುಪಾಲು ಟ್ರೇಲರಿಗೇ ಸರಿಹೋಯಿತು. ಮೇ ಹನ್ನೆರಡರ ಬೆಳಿಗ್ಗೆ ಬೀಗದ ಕೈ ಅವರಿಗೆ ಕೊಟ್ಟೆವು. ಆ ಹುಡುಗಿ ಆಗಲೇ ನನ್ನ ಅಡುಗೆಮನೆಯ ಪರದೆ ಕಿತ್ತು ಹಾಕಿದ್ದಳು. ಆ ಗಳಿಗೆಯಿಂದ ನಮ್ಮದೆನ್ನುವುದು ಎಂಟು ಗಾಲಿ: ಎಳೆಯುವ ಪಿಕಪ್ಪಿನದು ನಾಲ್ಕು, ಟ್ರೇಲರಿನದು ನಾಲ್ಕು. ಮತ್ತೆ ಅವನ್ನು ಓಡಿಸಲು ವರ್ಲಿನ್. ಅವನೊಬ್ಬ ಓಡಿಸದಿದ್ದರೆ ನಮಗೆ ಸಮುದ್ರವೂ ಇಲ್ಲ, ಸೂರೂ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಲಿಲ್ಲ, ಯಾಕೆಂದರೆ ಓಡಿಸುವುದೊಂದರಲ್ಲಿ ಅವನು ಯಾವತ್ತೂ ಕೈಬಿಟ್ಟವನಲ್ಲ.

ಟ್ರೇಲರ್ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ ಮೈ, ಪಕ್ಕದಲ್ಲಿ ಹಸಿರು ಗೆರೆ. ಒಳಗೆ ಒಲೆ, ಪುಟ್ಟ ಫ್ರಿಜ್ಜು, ಕಿಟಕಿಯ ಪಕ್ಕ ಇಬ್ಬರು ಎದುರುಬದುರು ಕೂರುವ ಊಟದ ಮೇಜು, ಹಿಂಬದಿಯಲ್ಲಿ ಮಂಚ. ಟೈರುಗಳು ಎಷ್ಟು ಹೊಸವೆಂದರೆ ಅವುಗಳ ಮೇಲಿನ ರಬ್ಬರಿನ ಸಣ್ಣ ಕೂದಲು ಇನ್ನೂ ಸವೆದಿರಲಿಲ್ಲ. ಹಿಂದಿನ ಮಂಚದ ಕೆಳಗೆ ದೊಡ್ಡ ಪೆಟ್ಟಿಗೆಯಿತ್ತು. ನೆಲಮಾಳಿಗೆಯ ಕಪಾಟಿನಲ್ಲಿದ್ದ ಎಪ್ಪತ್ತೆರಡು ಗಾಜಿನ ಭರಣಿಗಳನ್ನು ಒಂದೊಂದಾಗಿ ತಂದು ಅದರಲ್ಲಿ ತುಂಬಿದೆ. ಬೀಟ್‌ರೂಟು, ಪೀಚ್ ಹಣ್ಣು, ಸೌತೆಕಾಯಿ, ಹುಳಿಯೆಲೆಕೋಸು, ಎಲ್ಲ ನಾನೇ ರಸದಲ್ಲಿ ಹಾಕಿಟ್ಟದ್ದು. ಆ ಹುಡುಗಿಗೆ ಬಿಟ್ಟು ಬರಲು ನನಗೇನು ಹುಚ್ಚೇ?

ಹೊರಡುವ ಮುಂಚೆ ವರ್ಲಿನ್ ಟ್ರೇಲರಿನ ಸುತ್ತ ಒಂದು ಸುತ್ತು ಬಂದ. ಉದ್ದಕ್ಕೂ ಅದರ ಮೈಮೇಲೆ ಅಂಗೈ ಆಡಿಸುತ್ತಾ ನಡೆದ, ಹೊಸ ಕುದುರೆಗೆ ಮಾಡುವ ಹಾಗೆ. ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಬಳಿ ಮಂಡಿಯೂರಿ ಕೂತು ಬೆರಳಿನಿಂದ ತಡಕಿ ತಡಕಿ ನೋಡಿದ.

"ಕಣ್ಣಲ್ಲಿ ನೋಡಿ ಹಾಕ್ಬಾರ್ದೇನೋ ಮಾರಾಯ? ಹೊತ್ತಾಯ್ತು."

"ಕೈಗೆ ಚೆನ್ನಾಗಿ ಗೊತ್ತಾಗುತ್ತೆ" ಅಂದ.

ಗೊತ್ತಾಗುತ್ತೇನೋ, ಕಸುಬುದಾರ ಅಂದುಕೊಂಡೆ.

ದಾರಿ ಎರಡು ಗಂಟೆ ನಲವತ್ತು ನಿಮಿಷದ್ದು, ನಮ್ಮ ಕಡೆ ಅದನ್ನೇ ಹತ್ತಿರ ಅನ್ನುವುದು. ಅಷ್ಟೂ ಹೊತ್ತು ನನ್ನ ಗಂಡ ಮಾತಾಡಿದ.

ಊರು ದಾಟುತ್ತಲೇ ಶುರುವಾಯಿತು. "ಆ ಬೋರ್ಡು ಏನನ್ನುತ್ತೆ, ಓದೇ."

"ನಿಂಗೊತ್ತಿಲ್ಲದ್ದಾ? ನಲವತ್ತು ವರ್ಷದಿಂದ ಅದೇ ಬೋರ್ಡು."

"ಆದ್ರೂ ಓದು. ನಿನ್ನ ಬಾಯಲ್ಲಿ ಕೇಳೋಣ."

ಓದಿದೆ. ಆಮೇಲೆ ಇನ್ನೊಂದು. ಸೇತುವೆಯ ಎತ್ತರ, ಊರಿನ ಹೆಸರು, ಜನಸಂಖ್ಯೆ, ಬೀಜದ ಕಂಪನಿಯ ಜಾಹೀರಾತು, ಹಣ್ಣಿನ ಪೈ ಮಾರುವ ಅಂಗಡಿ. "ಮುಂದೆ ಹೋಗ್ತಿರೋದು ಟ್ರ್ಯಾಕ್ಟರಾ, ಗೊಬ್ಬರದ ಗಾಡಿನಾ?" "ಎಡಗಡೆ ದನ ಇವೆಯಾ? ಕಪ್ಪುವಾ, ಕೆಂಪುವಾ?" "ಆರ್ಡಿ, ಆಕಾಶ ಹೇಗಿದೆ ಹೇಳು, ಮಳೆ ಬರುತ್ತಾ?" ನಾನು ಹೇಳುತ್ತಾ ಹೋದೆ. ಹೇಳಿದ್ದಕ್ಕೆಲ್ಲ ಅವನು "ಹೌದಾ" ಎನ್ನುತ್ತಿದ್ದ, ನಿಜವಾಗಿ ಕಿವಿಗೊಟ್ಟು. ಕರು ಹಾಕುತ್ತಿದ್ದ ಹಸುವೊಂದನ್ನು ಬೇಲಿಯಾಚೆ ಕಂಡು ಹೇಳಿದಾಗ, "ಕರು ಎದ್ದು ನಿಂತಿತಾ?" ಎಂದು ಕೇಳಿದ. ಅಷ್ಟರಲ್ಲಿ ನಾವು ದಾಟಿ ಬಂದಿದ್ದೆವು. ಕುತ್ತಿಗೆ ತಿರುಗಿಸಿ ಹಿಂದೆ ನೋಡಿ, "ನಿಂತ್ಕೊಂಡ್ತು" ಎಂದೆ. ನನಗೆ ಕಂಡಿರಲಿಲ್ಲ, ಅವನ ಮುಖ ಅರಳಲಿ ಎಂದು ಹೇಳಿದೆ.

ಮದುವೆಯಾದ ಹೊಸದರಲ್ಲೂ ಅವನು ನನ್ನನ್ನು ಅಷ್ಟು ಕೇಳಿದ್ದಿಲ್ಲ. ಟ್ರೇಲರ್ ಕೊಂಡದ್ದೇ ಸರಿಯಾಯಿತು ಅನ್ನಿಸಿತು. ಮನೆಯ ಗೋಡೆಗಳ ಮಧ್ಯೆ ಸತ್ತುಹೋಗಿದ್ದದ್ದು ಏನೋ ರಸ್ತೆಗೆ ಬಿದ್ದೊಡನೆ ಉಸಿರಾಡತೊಡಗಿತು ಅಂದುಕೊಂಡೆ. ನನ್ನ ಬಾಳಿನ ಅತ್ಯಂತ ಸುಖದ ಹೊತ್ತು ಯಾವುದೆಂದು ಇವತ್ತು ಯಾರಾದರೂ ಕೇಳಿದರೆ, ನಾಚಿಕೆ ಬಿಟ್ಟು ಆ ಎರಡು ಗಂಟೆ ನಲವತ್ತು ನಿಮಿಷವನ್ನೇ ಹೇಳುತ್ತೇನೆ.

ಕ್ಯಾಂಪಿನ ಬಾಗಿಲಲ್ಲೂ ಒಂದು ಬೋರ್ಡಿತ್ತು. "ಯಾರೂ ಹದಿನಾಲ್ಕು ದಿನಕ್ಕಿಂತ ಹೆಚ್ಚು ತಂಗುವಂತಿಲ್ಲ" ಎಂದು ಓದಿದೆ.

"ನಮಗೆರಡೇ ದಿನ ಸಾಕು" ಅಂದ ವರ್ಲಿನ್.

ನಮಗೆ ಸಿಕ್ಕಿದ್ದು ಹನ್ನೊಂದನೇ ಜಾಗ. ನೀರಿಗೆ ಎದುರಾಗಿ, ಎರಡು ಪೋಪ್ಲರ್ ಮರಗಳ ನಡುವೆ. ಟ್ರೇಲರನ್ನು ಹಿಂದಕ್ಕೆ ನೂಕಿ ಅದರೊಳಗೆ ಕೂರಿಸಬೇಕು. ಕ್ಯಾಂಪುಗಳಲ್ಲಿ ಇದೇ ದೊಡ್ಡ ನಾಟಕ. ಮಧ್ಯಾಹ್ನ ಹೊಸಬರು ಬಂದರೆಂದರೆ ಹಳಬರು ಕುರ್ಚಿ ಎಳೆದುಕೊಂಡು, ಕೈಯಲ್ಲಿ ಬಿಯರ್ ಡಬ್ಬಿ ಹಿಡಿದು ಕೂರುತ್ತಾರೆ. ಗಂಡ ಸ್ಟಿಯರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತಾಳೆ. ಎಡ ಅಂದರೆ ಯಾರ ಎಡ ಎಂಬಲ್ಲಿಂದ ಶುರುವಾಗಿ ಇಪ್ಪತ್ತು ವರ್ಷದ ಹಿಂದಿನ ಅತ್ತೆಯ ಮಾತಿನವರೆಗೆ ಎಲ್ಲ ಹೊರಗೆ ಬರುತ್ತದೆ. ನೋಡುವವರಿಗೆ ಪುಕ್ಕಟೆ ಮಜಾ.

ನಮ್ಮಿಬ್ಬರ ವಿಷಯ ಬೇರೆ. ನಾವು ಪರಿಚಯವಾದದ್ದೇ ಈ ಸನ್ನೆಯಲ್ಲಿ. ನಾನು ಇಪ್ಪತ್ತಾರರ ಹುಡುಗಿಯಾಗಿದ್ದಾಗ ನಮ್ಮಪ್ಪ ಸುಗ್ಗಿಯಲ್ಲಿ ಟ್ರ್ಯಾಕ್ಟರಿನಿಂದ ಕಾಳಿನ ಬಂಡಿ ಎಳೆಯಲು ವರ್ಲಿನ್‌ನನ್ನು ಗೊತ್ತು ಮಾಡಿದ್ದ. ಗೋದಾಮಿನ ಇಕ್ಕಟ್ಟು ಬಾಗಿಲಿಗೆ ಅವನು ಬಂಡಿಯನ್ನು ಹಿಂದಕ್ಕೆ ಬಿಡುವಾಗ ಹಿಂದೆ ನಿಲ್ಲುತ್ತಿದ್ದವಳು ನಾನು. ಅಂಗೈ ಎದೆಯ ಕಡೆ ಆಡಿಸಿದರೆ ಬಾ, ಮುಷ್ಟಿ ಎತ್ತಿದರೆ ನಿಲ್ಲು. ಬಂಡಿ ಸರಿಯಾಗಿ ನಿಂತ ಮೇಲೆ ಎರಡು ಬೆರಳು ಹಣೆಗೆ ಮುಟ್ಟಿಸಿದರೆ ಶಾಭಾಸ್, ಊಟಕ್ಕೆ ಬಾ. ಒಂದು ಮಾತಿಲ್ಲದೆ ಹದಿನೇಳು ದಿನ ಕೆಲಸ ಮಾಡಿದೆವು. ಹದಿನೆಂಟನೇ ದಿನ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ತಾನೂ ಎರಡು ಬೆರಳು ಹಣೆಗೆ ಮುಟ್ಟಿಸಿದ. ನಮ್ಮ ಪ್ರೇಮಪತ್ರ ಅಷ್ಟೇ.

ಅದಕ್ಕೇ ಹನ್ನೊಂದನೇ ಜಾಗದ ಹಿಂದೆ ಹೋಗಿ ನಾನು ಜಂಬದಿಂದಲೇ ನಿಂತೆ. ಪಕ್ಕದ ಜಾಗದಲ್ಲಿ, ಅವತ್ತೇ ಬೆಳಿಗ್ಗೆ ಬಂದಿದ್ದ ಅಯೋವಾದ ಮೈಲೋ ಎಂಬ ದಪ್ಪ ಮನುಷ್ಯ ಕುರ್ಚಿ ಹಾಕಿ ಕೂತಿದ್ದ. "ಸಹಾಯ ಬೇಕಾ ಅಮ್ಮಾವ್ರೇ?" ಎಂದು ಕೇಳಿದ.

"ನೀವು ಸುಮ್ನೆ ನೋಡ್ತಾ ಇರಿ" ಅಂದೆ.

ವರ್ಲಿನ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾಯಲ್ಲಿ ಹೇಳು ಆರ್ಡಿ, ಕೂಗಿ ಹೇಳು" ಎಂದ.

"ನಂಗೇನು ಕೈ ಇಲ್ವಾ? ಕನ್ನಡಿ ನೋಡು!"

ಅಂಗೈ ಆಡಿಸಿದೆ. ಅವನು ಹಿಂದಕ್ಕೆ ಬಿಟ್ಟ. ಶುರುವಿನಲ್ಲಿ ನೇರವಾಗಿಯೇ ಬಂತು, ಕೈ ಅಭ್ಯಾಸ ಎಲ್ಲಿಗೆ ಹೋದೀತು. ಆಮೇಲೆ ಬಲಕ್ಕೆ ಎಳೆಯತೊಡಗಿತು. ಬಲಗಡೆ ಕರೆಂಟಿನ ಕಂಬವಿತ್ತು. ಎಡಕ್ಕೆ ತಿರುಗಿಸು ಎಂದು ತೋರಿಸಿದೆ. ತಿರುಗಲಿಲ್ಲ. ಮುಷ್ಟಿ ಎತ್ತಿದೆ. ನಿಲ್ಲಲಿಲ್ಲ. ಹಟ ಮಾಡುತ್ತಿದ್ದಾನೆ ಅನ್ನಿಸಿ ಇನ್ನೊಂದು ಮುಷ್ಟಿಯನ್ನೂ ಎತ್ತಿ ಅಲ್ಲೇ ನಿಂತೆ. ಹಸಿರು ಗೆರೆಯ ಆ ಬಿಳಿ ಗೋಡೆ ನನ್ನ ಮೇಲೇ ಬಂತು. "ಹೇ! ಹೇ!" ಎಂದು ಮೈಲೋ ಕುರ್ಚಿ ಬೀಳಿಸಿ ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದ. ಟ್ರೇಲರಿನ ಮೂಲೆ ಕಂಬಕ್ಕೆ ಬಡಿದು, ತಗಡು ಮುರುಟಿಕೊಂಡು ನಿಂತಿತು. ಒಳಗೆ ಗಾಜು ಒಡೆದ ಸದ್ದು. ಒಂದು ನಿಮಿಷದಲ್ಲಿ ತಳದಿಂದ ಕೆಂಪು ರಸ ತೊಟ್ಟಿಕ್ಕತೊಡಗಿತು.

"ಅಯ್ಯೋ ದೇವ್ರೇ, ಒಳಗೆ ಯಾರಿದಾರೆ?" ಎಂದ ಮೈಲೋ.

"ಬೀಟ್‌ರೂಟು" ಎಂದು ಹೇಳಿ ನಾನು ಪಿಕಪ್ಪಿನ ಬಾಗಿಲಿಗೆ ನುಗ್ಗಿದೆ. ಎಲ್ಲರೂ ನೋಡುತ್ತಿದ್ದರು. ನನಗೆ ಅವಮಾನ, ಹೆದರಿಕೆ, ಸಿಟ್ಟು ಎಲ್ಲ ಒಟ್ಟಿಗೆ ಬಂದಿದ್ದವು.

"ಏನೋ, ಸಾಯಿಸ್ತಿದ್ಯಲ್ಲೋ ನನ್ನ! ಎರಡೂ ಕೈ ಎತ್ತಿದೀನಿ, ಕಣ್ಣು ಕಾಣ್ಸಲ್ವಾ ನಿಂಗೆ?"

ವರ್ಲಿನ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದ. ಮುಖ ಬಿಳಿಚಿಕೊಂಡಿತ್ತು.

"ಇಲ್ಲ" ಅಂದ.

ಅವನು ಎಂಜಿನ್ ಆರಿಸಿದ. ನಾನು ಬಾಗಿಲ ಹಿಡಿ ಬಿಡದೆ ನಿಂತಿದ್ದೆ. ಮೈಲೋ ಒಳ್ಳೆಯ ಮನುಷ್ಯ, ಉಳಿದವರನ್ನು ಕೈಬೀಸಿ ದೂರ ಕಳಿಸಿದ.

ಮರದ ಮೇಜಿನ ಬಳಿ ಕೂತು ವರ್ಲಿನ್ ಎಲ್ಲ ಹೇಳಿದ. ಅಕ್ಟೋಬರಿನಲ್ಲಿ ಪಿಕಪ್ಪಿಗೆ ಏನೋ ತರುತ್ತೇನೆಂದು ನನಗೆ ಹೇಳಿ ಒಂದು ದಿನ ದೊಡ್ಡ ಊರಿಗೆ ಹೋಗಿದ್ದ, ನಿಜಕ್ಕೂ ಹೋಗಿದ್ದು ಕಣ್ಣಿನ ಡಾಕ್ಟರ ಹತ್ತಿರ. ಕಣ್ಣಿನ ನಟ್ಟನಡುವಿನ ನೋಟ ಸಾಯುತ್ತಿದೆ, ಸುತ್ತಲಿನ ಅಂಚು ಮಾತ್ರ ಉಳಿಯುತ್ತದೆ. ರಸ್ತೆಯ ಬದಿಯ ಹುಲ್ಲು ಕಾಣುತ್ತದೆ, ಎದುರಿಗೆ ಬರುವವರ ಮುಖ ಕಾಣುವುದಿಲ್ಲ. ಎಡಗಣ್ಣು ಆಗಲೇ ಮುಗಿದಿತ್ತು, ಬಲಗಣ್ಣು ಇನ್ನೊಂದು ವರ್ಷ ಅಂದಿದ್ದರಂತೆ. ಆ ಕ್ಷಣದಿಂದಲೇ ಗಾಡಿ ಓಡಿಸಬಾರದು ಎಂದಿದ್ದರಂತೆ.

"ಮತ್ತೆ ಮನೆ ಮಾರ್ಸಿದ್ಯಲ್ಲೋ!"

"ಹೇಳಿದ್ರೆ ನೀನು ಮಾರ್ತಿರಲಿಲ್ಲ."

"ಮಾರ್ತಿರ್ಲಿಲ್ಲ! ಯಾವ ಹುಚ್ಚಿ ಮಾರ್ತಾಳೆ?"

"ಅದಕ್ಕೇ ಹೇಳ್ಲಿಲ್ಲ. ಒಂದ್ಸಲ ಸಮುದ್ರ ನೋಡ್ಬೇಕಿತ್ತು. ಅಷ್ಟು ದೊಡ್ಡದಾದ್ರೂ ಕಾಣುತ್ತೇನೋ ಅಂತ."

ಬೇರೆ ಯಾವಳಾದರೂ ಅಲ್ಲಿ ಕರಗುತ್ತಿದ್ದಳೇನೋ. ನನಗೆ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ.

"ಬರ್ತಾ ದಾರೀಲಿ ಬೋರ್ಡು ಓದು, ದನ ಎಣಿಸು ಅಂದ್ಯಲ್ಲ..."

ಅವನು ತಲೆ ತಗ್ಗಿಸಿದ. "ಹೂಂ. ದಾರಿ ಗೊತ್ತಾಗ್ಲಿ ಅಂತ."

"ಕರು?"

"ಅದು ಸುಮ್ನೆ ಕೇಳ್ದೆ. ಒಂದೇ ಸಮ ಬೋರ್ಡೇ ಕೇಳಿದ್ರೆ ನಿಂಗೆ ಅನುಮಾನ ಬರುತ್ತೆ ಅಂತ."

ಮನೆ ಹೋದದ್ದಕ್ಕಿಂತ, ಅವನು ನನ್ನನ್ನು ಕಂಬಕ್ಕೆ ಒತ್ತಿ ಕೊಲ್ಲುವುದರಲ್ಲಿದ್ದದ್ದಕ್ಕಿಂತ, ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಇವತ್ತಿಗೂ ಹಾಗೆಯೇ ಇದೆ. ಎದ್ದು ಟ್ರೇಲರಿನೊಳಗೆ ಹೋಗಿ ಗಾಜಿನ ಚೂರು ಆರಿಸಿದೆ. ಒಡೆದದ್ದು ಹನ್ನೊಂದು. ಉಳಿದ ಅರವತ್ತೊಂದನ್ನು ಒರೆಸಿ ಅಲ್ಲೇ, ಹಿಂದಿನ ಮಂಚದ ಕೆಳಗೇ ಇಟ್ಟೆ. ಕೈತೊಳೆಯಲು ನಲ್ಲಿ ತಿರುಗಿಸಿದರೆ, ಚಳಿಗಾಲದಲ್ಲಿ ಕೊಳವೆ ಒಡೆಯದಿರಲೆಂದು ತುಂಬಿದ್ದ ಗುಲಾಬಿ ದ್ರವ ಬಂತು. ಮೊದಲ ಸಲ ನಲ್ಲಿ ಬಿಡುವಾಗ ಇಬ್ಬರೂ ಜೊತೆಗಿರೋಣ ಎಂದುಕೊಂಡಿದ್ದೆವು. ಅದು ಬಣ್ಣ ಹೋಗುವವರೆಗೆ ಒಬ್ಬಳೇ ನಿಂತು ನೋಡಿದೆ.

ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ. ಮೌನದಲ್ಲಿ ಅವನನ್ನು ಸೋಲಿಸಲು ಹೊರಟವಳಿಗೆ ಬುದ್ಧಿ ಎಲ್ಲಿತ್ತು? ಮೂರನೇ ದಿನ ಅವನೇ, "ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ಹೇಳ್ತಾ ಹೋಗು. ಬರ್ತಾ ಬರ್ಲಿಲ್ವಾ?" ಅಂದ.

"ನಿನ್ನ ಗಾಡಿಗೆ ಎದುರಾಗಿ ಯಾರದೋ ಮಕ್ಕಳು ಸೈಕಲ್ ಮೇಲೆ ಬರ್ತಿರ್ತಾರೆ ವರ್ಲಿನ್. ನಾನು ಹೇಳೋದ್ರೊಳಗೆ ಅವರು ಇರಲ್ಲ."

ಅವನು ಕೀಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. "ಹಾಗಿದ್ರೆ ನೀನೇ ಓಡ್ಸು."

ನಾನು ಕಾರು ಓಡಿಸಬಲ್ಲೆ. ಹಿಂದೆ ಏನನ್ನೂ ಕಟ್ಟಿಕೊಂಡು ಓಡಿಸಿದವಳಲ್ಲ. ಆದರೂ ಒಪ್ಪಿದೆ. ಸಮುದ್ರ ನನಗೂ ಬೇಕಿತ್ತು. ಸ್ಯಾಂಡಲ್ಲು ಕಪಾಟಿನಲ್ಲಿ ಡಬ್ಬದ ಸಮೇತ ಕಾಯುತ್ತಿತ್ತು. ಮೂರು ಬೆಳಿಗ್ಗೆ ದೋಣಿಗಳನ್ನು ನೀರಿಗಿಳಿಸುವ ದಾರಿಯಲ್ಲಿ ಹೋಗಿ ಬಂದು ಕಲಿತೆ. ವರ್ಲಿನ್ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದಿನಿಂದಲೇ ಹೇಳುತ್ತಿದ್ದ. "ಗೇರ್ ಇಳಿಸು. ತಿರುವು ಅಗಲ ತಗೋ, ಇನ್ನೂ ಅಗಲ. ನಿನ್ನ ಹಿಂದೆ ಒಂದು ಮನೆ ಇದೆ ಅಂತ ಮರೀಬೇಡ." ಮೂರನೇ ಬೆಳಿಗ್ಗೆ ನಾನು ಒಂದು ಸಲವೂ ಗಾಲಿಯನ್ನು ದಾರಿಯಂಚಿನ ದಿಬ್ಬಕ್ಕೆ ಹತ್ತಿಸಲಿಲ್ಲ. "ಪರವಾಗಿಲ್ಲ ಕಣೇ" ಅಂದ. ಆ ಮಧ್ಯಾಹ್ನ ನಾನು ಪೀಚಿನ ಭರಣಿ ತೆರೆದೆ, ಇಬ್ಬರೂ ತಿಂದೆವು. ಹೆಚ್ಚೇನಿಲ್ಲ, ಆ ಒಂದು ಮಧ್ಯಾಹ್ನ ನಮಗೆ ಆರೆಗನ್ ಕಾಣುವಷ್ಟು ಹತ್ತಿರ ಬಂದಿತ್ತು.

ಮರುದಿನ ಹೆದ್ದಾರಿಗೆ ಹೋದೆವು. ನಮ್ಮ ಹಿಂದೆ ಮೈಲೋ ತನ್ನ ಪಿಕಪ್ಪಿನಲ್ಲಿ ಬಂದ. ನಮ್ಮ ಸೀಮೆಯಲ್ಲಿ ಗಾಳಿ ಬೀಸುವುದಿಲ್ಲ, ತಳ್ಳುತ್ತದೆ. ಐವತ್ತು ಮೈಲಿ ವೇಗ ಬರುತ್ತಿದ್ದಂತೆ ಟ್ರೇಲರಿನ ಬಾಲ ಮೆಲ್ಲಗೆ ಅತ್ತ ಇತ್ತ ಆಡತೊಡಗಿತು. ಬೆನ್ನಿಗೆ ಅದರ ಎಳೆತ ಗೊತ್ತಾಗುತ್ತಿತ್ತು.

"ಅಲ್ಲಾಡ್ತಿದೆ ವರ್ಲಿನ್."

"ಗೊತ್ತಾಗ್ತಿದೆ. ಆಕ್ಸಿಲರೇಟರಿಂದ ಕಾಲು ತೆಗಿ, ನಿಧಾನ. ಬ್ರೇಕ್ ಮುಟ್ಬೇಡ."

ಅಷ್ಟರಲ್ಲಿ ಎದುರಿನಿಂದ ದನ ತುಂಬಿದ ದೊಡ್ಡ ಲಾರಿ ಬಂದು ಭರ್ರನೆ ದಾಟಿತು. ಅದರ ಗಾಳಿಗೆ ಟ್ರೇಲರ್ ನಮ್ಮ ಪಿಕಪ್ಪನ್ನೇ ಎತ್ತಿ ಒಗೆಯುವ ಹಾಗೆ ತೊನೆಯಿತು. "ಬ್ರೇಕ್ ಬೇಡ! ಟ್ರೇಲರ್ ಬ್ರೇಕು, ಅಲ್ಲಿ, ಮಂಡಿ ಹತ್ರ, ಕೈಯಲ್ಲಿ ಒತ್ತು!" ಎಂದು ವರ್ಲಿನ್ ಕೂಗುತ್ತಾ ಗಾಳಿಯಲ್ಲಿ ತಡಕಾಡಿದ. ಅವನ ಕೈಗೆ ಸಿಗಲಿಲ್ಲ. ನಾನು ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಆಮೇಲೆ ಆಕಾಶ, ರಸ್ತೆ, ಹುಲ್ಲು, ಮತ್ತೆ ರಸ್ತೆ. ನಿಂತಾಗ ನಾವು ಹೆದ್ದಾರಿಗೆ ಅಡ್ಡಲಾಗಿದ್ದೆವು. ನನ್ನ ಕೈಗಳನ್ನು ಸ್ಟಿಯರಿಂಗಿನಿಂದ ಬಿಡಿಸಿದ್ದು ಮೈಲೋ, ಒಂದೊಂದೇ ಬೆರಳು.

ಅವನು ಹಿಂದೆ ಹೋಗಿ ನೋಡಿ, ಮಂಚದ ಕೆಳಗಿನ ಪೆಟ್ಟಿಗೆ ತೆರೆದ. "ಆರ್ಡಿಸ್, ಭಾರ ಎಲ್ಲಾ ಬಾಲದಲ್ಲಿ ಇಟ್ಟಿದೀರಲ್ರೀ! ಹೀಗಿಟ್ರೆ ಬಾಲ ಆಡದೆ ಏನ್ಮಾಡುತ್ತೆ? ಭಾರ ಮುಂದಿರ್ಬೇಕು. ಟ್ರೇಲರ್ ಹಿಂದಕ್ಕೆ ಕುಸಿದಿದೆ, ನೋಡಿದ್ರೇ ಗೊತ್ತಾಗುತ್ತೆ."

"ನಾನು ನೋಡ್ಬೇಕಿತ್ತು" ಅಂದ ವರ್ಲಿನ್.

ಮೈಲೋ ತಾನೇ ಓಡಿಸಿ ಟ್ರೇಲರನ್ನು ಹನ್ನೊಂದನೇ ಜಾಗಕ್ಕೆ ತಂದು ಕೂರಿಸಿದ, ಯಾರ ಸನ್ನೆಯೂ ಇಲ್ಲದೆ. ಭರಣಿಗಳನ್ನೆಲ್ಲ ಮುಂದಿನ ಪೆಟ್ಟಿಗೆಗೆ ಸಾಗಿಸಲು ಅವನೂ ಕೈ ಹಾಕಿದ. "ಈಗ ನೋಡಿ, ಕುರಿ ಹಾಗೆ ಹಿಂದೆ ಬರುತ್ತೆ. ನಾಳೆ ಇನ್ನೊಂದ್ಸಲ ಹೋಗೋಣ" ಎಂದ.

ಮರುದಿನ ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಕೀ ತಿರುಗಿಸಲು ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಕೈ ಕೀಯವರೆಗೆ ಹೋಗಿ ವಾಪಸು ಬರುತ್ತಿತ್ತು. ಹತ್ತನೇ ದಿನ, ಹನ್ನೊಂದನೇ ದಿನ. ಭರಣಿಗಳ ಜಾಗ ಬದಲಾಯಿಸಿದರೆ ಟ್ರೇಲರ್ ಸರಿಹೋಯಿತು, ನನ್ನ ಭಯವನ್ನು ಯಾವ ಪೆಟ್ಟಿಗೆಗೆ ಸಾಗಿಸಲಿ? ವರ್ಲಿನ್ ಪಕ್ಕದಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಸಿಟ್ಟಿಗಾದರೂ ಓಡಿಸುತ್ತಿದ್ದೆನೇನೋ. ಅವನು ಮಾಡಿದ್ದು ಮೋಸ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಕೊನೆಯಲ್ಲಿ ಸಮುದ್ರವನ್ನು ತಡೆದವಳು ನಾನು. ಅವನಿಗೆ ಕಣ್ಣಿರಲಿಲ್ಲ, ನನಗೆ ಇದ್ದೂ ಆಗಲಿಲ್ಲ.

ಹದಿಮೂರನೇ ದಿನ ಕ್ಯಾಂಪಿನ ಅಧಿಕಾರಿ ಹುಡುಗಿ ಬಂದು ನಾಳೆ ಮಧ್ಯಾಹ್ನದೊಳಗೆ ಖಾಲಿ ಮಾಡಬೇಕೆಂದು ನಯವಾಗಿಯೇ ಹೇಳಿ ಹೋದಳು. "ಎಲ್ಲಿಗೆ ಬಿಡಲಿ ಹೇಳಿ" ಎಂದ ಮೈಲೋ. ಅವನು ಪಶ್ಚಿಮಕ್ಕೆ ಹೋಗುವವನು, ನಮಗಾಗಿ ಒಂದು ದಿನ ಹಿಂದಕ್ಕೆ ಬಂದ. ಜನೆಲ್‌ಗೆ ಫೋನ್ ಮಾಡಿದೆ. ಅವಳ ಅಂಗಡಿಯ ಹಿಂದೆ ಖಾಲಿ ಜಾಗವಿದೆ, ಕರೆಂಟೂ ನೀರೂ ಎಳೆಯಬಹುದು ಎಂದಳು. ಕುಲಾವಿಯ ಮಾತು ತೆಗೆಯಲಿಲ್ಲ.

ವಾಪಸು ಬರುವಾಗ ಮೈಲೋ ನಮ್ಮ ಪಿಕಪ್ ಓಡಿಸಿದ, ನಡುವೆ ನಾನು, ಕಿಟಕಿಯ ಕಡೆ ವರ್ಲಿನ್. ಮೈಲೋನ ಹೆಂಡತಿ ಹಿಂದೆ ಅವರ ಗಾಡಿಯಲ್ಲಿ ಬಂದಳು. ಅದೇ ಎರಡು ಗಂಟೆ ನಲವತ್ತು ನಿಮಿಷ, ಅದೇ ಬೋರ್ಡುಗಳು. ಕರು ಹಾಕಿದ ಹೊಲ ಬಂದಾಗ ಬೇಲಿಯ ಹತ್ತಿರ ಬಹಳ ಕರುಗಳಿದ್ದವು. ವರ್ಲಿನ್ ಕೇಳುತ್ತಾನೆಂದು ಕಾದೆ. ಅವನು ಕೇಳಲಿಲ್ಲ.

ಗಾಲಿಗಳನ್ನು ಬಿಚ್ಚಿದವನು ವರ್ಲಿನ್ನೇ. ಅದಕ್ಕೆ ಕಣ್ಣು ಬೇಕಿಲ್ಲವಲ್ಲ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಟ್ರೇಲರನ್ನು ಸಿಮೆಂಟಿನ ಇಟ್ಟಿಗೆಗಳ ಮೇಲೆ ಕೂರಿಸಿ, ನಾಲ್ಕೂ ಟೈರುಗಳನ್ನು ಅದರ ಅಡಿಗೆ ತಳ್ಳಿದ. ರಬ್ಬರಿನ ಕೂದಲು ಇನ್ನೂ ಅಲ್ಲಲ್ಲಿ ಉಳಿದಿತ್ತು. ಈಗ ಅಕ್ಟೋಬರ್. ಗಾಳಿ ಕೆಳಗಿನಿಂದ ನುಗ್ಗದಿರಲೆಂದು ಹೋದ ವಾರ ಸುತ್ತಲೂ ಹುಲ್ಲಿನ ಪೆಂಡಿ ಒತ್ತಿದೆವು, ಗಾಲಿಯ ಗುರುತೂ ಕಾಣದು. ನೀಲಿ ಪಟ್ಟಿಯ ಸ್ಯಾಂಡಲ್ ಹಾಕಿಕೊಂಡು ನಾನು ಕಸ ಚೆಲ್ಲಲು ಹೋಗುತ್ತೇನೆ.

ಊಟದ ಮೇಜಿನ ಪಕ್ಕದ ಕಿಟಕಿಯಿಂದ ಕಾಣುವುದು ರಸ್ತೆಯಾಚೆಯ ಚರ್ಚಿನ ಬೋರ್ಡು ಒಂದೇ. ವಾರಕ್ಕೊಮ್ಮೆ ಯಾರೋ ಬಂದು ಅಕ್ಷರ ಬದಲಾಯಿಸುತ್ತಾರೆ. ವರ್ಲಿನ್ ಎದುರಿಗೆ ಕೂತು ಕಿಟಕಿಯ ಕಡೆ ಮುಖ ಮಾಡಿರುತ್ತಾನೆ, ಬಲಗಣ್ಣೂ ಮುಗಿಯುತ್ತಾ ಬಂದಿದೆ. ಅವನಿಗೀಗ ಮುಚ್ಚಿಡುವುದು ಏನೂ ಉಳಿದಿಲ್ಲ. ಹಾಗಾಗಿ ಕೇಳುವುದೂ ಏನೂ ಉಳಿದಿಲ್ಲ. ಬೆಳಿಗ್ಗೆ "ಗಾಳಿ ಜೋರಿದೆ" ಎಂದರೆ ಮುಗಿಯಿತು.

ನಿನ್ನೆ ಅಕ್ಷರ ಬದಲಾಗಿತ್ತು. ನನಗೆ ತಡೆಯಲಾಗಲಿಲ್ಲ. ಕಾಫಿ ಬಗ್ಗಿಸುತ್ತಾ, ಅವನು ಕೇಳದಿದ್ದರೂ, ದಾರಿಯಲ್ಲಿ ಓದುತ್ತಿದ್ದ ಅದೇ ದನಿಯಲ್ಲಿ ಓದಿದೆ: "ಭಾನುವಾರ ಸಂಜೆ ಐದಕ್ಕೆ ಪ್ಯಾನ್‌ಕೇಕ್ ಊಟ. ಎಲ್ಲರಿಗೂ ಸ್ವಾಗತ."

ವರ್ಲಿನ್ ಲೋಟವನ್ನು ತಡಕಿ ಹತ್ತಿರ ಎಳೆದುಕೊಂಡ.

"ಓದ್ಬೇಡ ಆರ್ಡಿ" ಅಂದ. "ಎಲ್ಲೂ ಹೋಗ್ತಿಲ್ವಲ್ಲ."